ಸೀಲ್ ಕಿರುಚಾಟ ನಿಂತಿತು: ಅರ್ಧ ಅಳತೆಯ ಮಜ್ದಾ ರೋಟರಿ

ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ ಮಜ್ದಾ ಇಂಜಿನ್ನಿನ ಅರ್ಧ ಅಳತೆಯ ಮಾದರಿ ಮಾಡುತ್ತಿದ್ದೇನೆ, ಓಡುವುದು ಕಂಪ್ರೆಸರ್ ಗಾಳಿಯಲ್ಲಿ. ಕಂಪ್ರೆಸರ್ ಮುಳ್ಳು ಎರಡು ಬಾರ್‌ಗಿಂತ ಕೆಳಗಿದ್ದರೂ ರೋಟರ್ ಈಗ ತಾನಾಗಿ ಹೊರಡುತ್ತದೆ. ವಾಲ್ವ್ ತಿರುಗಿಸಿದಷ್ಟೂ ವೇಗ ಏರುತ್ತದೆ. ಕೆಳಗಿನ ಮನೆಯವರು ಮೇಲೆ ಬಂದು "ಏನ್ರೀ ಅದು, ಹಂದಿ ಕೂಗಿದ ಹಾಗೆ?" ಎಂದು ಕೇಳುವುದೂ ನಿಂತಿದೆ.

ಅಳತೆ ಒಮ್ಮೆ ನೆನಪಿಸಿಬಿಡುತ್ತೇನೆ. ಮಜ್ದಾ 13ಬಿ ಇಂಜಿನ್ನಿನ ಅಳತೆಗಳನ್ನೆಲ್ಲ ಅರ್ಧ ಮಾಡಿದ್ದು ಇದು. ಅಸಲಿಯಲ್ಲಿ ರೋಟರ್ ತ್ರಿಜ್ಯ 105 ಮಿ.ಮೀ., ಎಕ್ಸೆಂಟ್ರಿಸಿಟಿ (ಶಾಫ್ಟ್ ನಡುವಿನಿಂದ ರೋಟರ್ ನಡು ಸರಿದಿರುವ ದೂರ) 15, ಅಗಲ 80. ನನ್ನದರಲ್ಲಿ 52.5, 7.5, 40. ಒಂದು ರೋಟರ್‌ಗೆ ಅಸಲಿಯಲ್ಲಿ 654 ಸಿಸಿ, ನನ್ನಲ್ಲಿ 82 ಸಿಸಿ ಹತ್ತಿರ. ಗೇರ್ ಮಾಡ್ಯೂಲ್ (ಹಲ್ಲಿನ ಗಾತ್ರ) 1, ಹಲ್ಲು 30 ಮತ್ತು 45. ಪೆಟ್ರೋಲ್ ಇಲ್ಲ, ಬರೀ ಗಾಳಿ. ರೋಟರ್ ತಿರುಗುವ ಹೊರಗೂಡಿನ, ಅಂದರೆ ಹೌಸಿಂಗ್‌ನ, ಒಳಗೋಡೆ ಒಳಕ್ಕೆ ಬಗ್ಗಿದ ಎರಡೂ ಸೊಂಟಗಳ ಹತ್ತಿರ ಒಂದೊಂದು ಜೊತೆ ಪೋರ್ಟ್, ಗಾಳಿ ಬಂದು ಹೋಗುವ ತೂತು. ಉರಿಯುವುದೇನೂ ಇಲ್ಲವಾದ್ದರಿಂದ ರೋಟರ್ ಮುಖದಲ್ಲಿ ಗುಂಡಿ ತೋಡಿಲ್ಲ. ಶಾಫ್ಟ್, ಬೇರಿಂಗ್ ಕೂರಿಸಿದ ಕತೆ ಬೇಡ, ಎಲ್ಲರೂ ಮಾಡುವುದೇ.

ಹೌಸಿಂಗ್ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಪೀಣ್ಯದಲ್ಲಿ ಕರೆಂಟ್ ಹರಿಯುವ ತಂತಿಯಿಂದ ಲೋಹ ಕೊಯ್ಯುವ ಒಂದು ವೈರ್‌ಕಟ್ ಶಾಪ್‌ಗೆ ಫೈಲ್ ಕೊಟ್ಟಿದ್ದೆ. ನಮ್ಮ ಹೌಸಿಂಗ್‌ನ ಒಳಗಿನ ಆಕಾರ ನಿಮಗೆ ಗೊತ್ತಲ್ಲ, ಮೊಟ್ಟೆಯಾಕಾರವೂ ಅಲ್ಲ, ಎಂಟರ ಆಕಾರವೂ ಅಲ್ಲ. ಸೊಂಟ ಒಂದಿಷ್ಟೇ ಒಳಗೆ ಹೋಗಿರುತ್ತದೆ. ಬ್ಲಾಕ್ ಬಂತು, ಫಿನಿಶ್ ಚೆನ್ನಾಗಿತ್ತು, ಆದರೆ ಸೊಂಟವೇ ಇಲ್ಲ. ಫೋನ್ ಮಾಡಿದರೆ ಅಲ್ಲಿನ ಹುಡುಗ ಹೆಮ್ಮೆಯಿಂದ ಹೇಳಿದ: "ಸಾರ್, ನಿಮ್ಮ ಡ್ರಾಯಿಂಗ್‌ನಲ್ಲಿ ಗೆರೆ ಒಳಗೆ ಬಗ್ಗಿತ್ತು, ನಾನೇ ನೇರ ಮಾಡಿದೆ." ಎರಡನೇ ಬ್ಲಾಕ್‌ಗೆ ಅರ್ಧ ದುಡ್ಡು ಬಿಟ್ಟರು, ಪಾಪ. ಆಮೇಲೆ ಆನೊಡೈಸಿಂಗ್‌ನವರು. ಹಾರ್ಡ್ ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಗಟ್ಟಿ ಪದರ) ಬೇಕು ಅಂದರೆ ಅವರು ಕೇಳಿದ್ದು ಒಂದೇ ಪ್ರಶ್ನೆ, "ಗೋಲ್ಡಾ, ರೋಸಾ?"

ಈಗ ಅಸಲಿ ತಲೆನೋವಿಗೆ ಬರೋಣ. ರೋಟರ್‌ನ ಮೂರು ತುದಿಗಳಲ್ಲಿ ಕೂತು ಗಾಳಿ ಸೋರದಂತೆ ಗೋಡೆಗೆ ಉಜ್ಜುವ ಪಟ್ಟಿ, ಏಪೆಕ್ಸ್ ಸೀಲ್.

ಮೊದಲ ಸೀಲ್‌ಗಳು ಹಿತ್ತಾಳೆಯವು. 3 ಮಿ.ಮೀ. ದಪ್ಪ, ತುದಿ 1.5 ತ್ರಿಜ್ಯಕ್ಕೆ ಗುಂಡಗೆ, ಕೆಳಗೆ ಬಗ್ಗಿಸಿದ ಪಟ್ಟಿ ಸ್ಪ್ರಿಂಗ್. ಹೌಸಿಂಗ್ ಇನ್ನೂ ಬರೀ ಅಲ್ಯೂಮಿನಿಯಂ. ನಿಧಾನಕ್ಕೆ ತಿರುಗುವಾಗ ಸುಮ್ನೆ ಇತ್ತು. ವೇಗ ಒಂದು ಹದಕ್ಕೆ ಬಂದ ಕೂಡಲೇ ಕಿರುಚಾಟ ಶುರು, ಇನ್ನೂ ಗಾಳಿ ಕೊಟ್ಟರೆ ಸಿಕ್ಕಿಕೊಂಡು ನಿಂತೇಬಿಡುತ್ತಿತ್ತು. ಬಿಚ್ಚಿ ನೋಡಿದರೆ ಒಳಗೋಡೆಯ ಮೇಲೆ ಅಡ್ಡಡ್ಡ ಗೆರೆಗಳು. ಉಗುರು ಎಳೆದರೆ ಟಕಟಕ ಅನ್ನುತ್ತಿತ್ತು.

ಆ ಗೆರೆ ನೋಡಿ ನನಗೆ ನಗು ಬಂತು. ಹಿರೋಷಿಮಾದಲ್ಲಿ 1960ರ ದಶಕದ ಮೊದಲಲ್ಲಿ ಕಂಡದ್ದೂ ಇದೇ ಅಲ್ವಾ! ಟೋಯೊ ಕೋಗ್ಯೊ, ಅಂದರೆ ಇಂದಿನ ಮಜ್ದಾ, ಜರ್ಮನಿಯ ಎನ್‌ಎಸ್‌ಯು ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ರೋಟರಿ ಕಂಡುಹಿಡಿದ ಫೆಲಿಕ್ಸ್ ವಾಂಕೆಲ್‌ರ ಇಂಜಿನ್ ತಂದದ್ದು 1961ರಲ್ಲಿ. ದುಡ್ಡು ಕೊಟ್ಟು ತಂದ ಮೇಲೆ ಗೊತ್ತಾದದ್ದು, ಕೆಲಸ ಇನ್ನೂ ಅರ್ಧಕ್ಕೂ ಬಂದಿಲ್ಲ ಅಂತ. ಸೀಲ್ ಅದುರಿ ಅದುರಿ ಕ್ರೋಮ್ ಲೇಪಿಸಿದ ಗೋಡೆಯನ್ನು ಗೀಚಿ ಹಾಕುತ್ತಿತ್ತು. ಅಲ್ಲಿನವರು ಅದನ್ನು ಸೈತಾನನ ಉಗುರಿನ ಗುರುತು ಎಂದು ಕರೆದರು. 1963ರ ಏಪ್ರಿಲ್‌ನಲ್ಲಿ ಕೆನಿಚಿ ಯಮಮೊಟೊ ಮುಂದಾಳತ್ವದಲ್ಲಿ ರೋಟರಿಗೇ ಒಂದು ವಿಭಾಗ ಕಟ್ಟಿದರು. ಒಟ್ಟು 47 ಇಂಜಿನಿಯರುಗಳು. ಒಡೆಯನಿಗಾಗಿ ಸೇಡು ತೀರಿಸಿಕೊಂಡ 47 ಸಮುರಾಯ್‌ಗಳ ಕತೆ ಜಪಾನಿನಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿ ಇವರಿಗೂ ಅದೇ ಹೆಸರು ಅಂಟಿಕೊಂಡಿತು. ನನ್ನ ತಂಡದಲ್ಲಿ ಇರುವುದು ನಾನು ಮತ್ತು ಗೊಣಗುವ ಕಂಪ್ರೆಸರ್.

ಸ್ಪ್ರಿಂಗ್ ಬಿಗಿ ಮಾಡಿದೆ, ಕಿರುಚಾಟ ದಪ್ಪ ದನಿಯಲ್ಲಿ ಬಂತು. ಸಡಿಲ ಮಾಡಿದೆ, ಗಾಳಿ ಸೋರಿ ರೋಟರ್ ಹೊರಡಲೇ ಇಲ್ಲ. ಎಣ್ಣೆ ಬಿಟ್ಟರೆ ಸ್ವಲ್ಪ ಹೊತ್ತು ಮೌನ, ಆಮೇಲೆ ಎಣ್ಣೆಯೆಲ್ಲ ಎಕ್ಸಾಸ್ಟ್ ಪೋರ್ಟ್‌ನಿಂದ ಗೋಡೆಗೆ. ಗೋಡೆ ಬಾಡಿಗೆ ಮನೆಯದ್ದು.

ಇಲ್ಲಿ ಯಮಮೊಟೊ ತಂಡದ ಒಂದು ಉಪಾಯ ಪರೀಕ್ಷಿಸಿ ನೋಡಬೇಕು ಅನಿಸಿತು. ಸೀಲ್‌ಗೆ ತನ್ನದೇ ಒಂದು ಕಂಪನದ ವೇಗ ಇರುತ್ತದೆ, ಉಜ್ಜಾಟ ಅದಕ್ಕೆ ತಾಳ ಹಾಕಿದಾಗ ಕುಣಿತ ಶುರು. ಅದಕ್ಕೆ ಅವರು ಲೋಹದ ಸೀಲ್‌ನ ತುದಿ ಹತ್ತಿರ ಉದ್ದಕ್ಕೊಂದು, ಅಡ್ಡಕ್ಕೊಂದು ತೂತು ಕೊರೆದು ಆ ವೇಗವನ್ನೇ ಬದಲಿಸಿದರು. ಗೆರೆ ಬೀಳುವುದು ನಿಂತಿತು. ನನ್ನ 3 ಮಿ.ಮೀ. ಹಿತ್ತಾಳೆಗೆ ಉದ್ದಕ್ಕೆ ಕೊರೆಯುವುದು ಡ್ರಿಲ್ ಬಿಟ್‌ಗಳ ಶವಯಾತ್ರೆ. ಅಡ್ಡ ತೂತು ಮಾತ್ರ ಹಾಕಿದೆ. ಫಲಿತಾಂಶ ಮಜವಾಗಿತ್ತು: ಕಿರುಚಾಟ ಹೋಗಲಿಲ್ಲ, ಬೇರೆ ವೇಗದಲ್ಲಿ ಬೇರೆ ಶ್ರುತಿಯಲ್ಲಿ ಬಂತು. ಅಲ್ಲಿಗೆ ರೋಗ ಯಾವುದು ಅನ್ನುವುದು ಖಾತ್ರಿ. ಔಷಧ ಬೇರೆ ಬೇಕು.

ಹಾಗೆ ನೋಡಿದರೆ ಮಜ್ದಾ ಕೂಡ ಆ ತೂತಿನ ಸೀಲ್ ಅನ್ನು ಮಾರಾಟದ ಕಾರಿಗೆ ಹಾಕಲಿಲ್ಲ. 1967ರ ಮೇ 30ರಂದು ಹೊರಬಂದ ಕಾಸ್ಮೊ ಸ್ಪೋರ್ಟ್‌ಗೆ ಹಾಕಿದ್ದು ಅಲ್ಯೂಮಿನಿಯಂ ತುಂಬಿದ ಕಾರ್ಬನ್ ಸೀಲ್, ನಿಪ್ಪಾನ್ ಕಾರ್ಬನ್ ಕಂಪನಿ ಜೊತೆ ಸೇರಿ ಮಾಡಿದ್ದು. ಕಾರ್ಬನ್ ತಾನೇ ಜಾರಿಕೆ ಕೊಡುತ್ತದೆ, ಹಗುರ, ಅದುರಾಟವನ್ನೂ ನುಂಗುತ್ತದೆ.

ಸರಿ, ಕಾರ್ಬನ್ ಎಲ್ಲಿಂದ ತರುವುದು? ಬ್ಲಾಕ್ ಮಾರುವವರು ಕನಿಷ್ಠ ಆರ್ಡರ್ ಅಂತ ಹೇಳಿದ ಮೊತ್ತ ಕೇಳಿ ಫೋನ್ ಇಟ್ಟೆ. ಆನ್‌ಲೈನಿನಲ್ಲಿ ತರಿಸಿದ್ದು ಪುಡಿಪುಡಿಯಾಗಿ ಬಂತು, ಜೊತೆಗೆ "ಫ್ರಾಜೈಲ್" ಚೀಟಿ ಮಾತ್ರ ಗಟ್ಟಿಯಾಗಿತ್ತು. ಗ್ರೈಂಡರ್ ಮೋಟರಿನ ಕಾರ್ಬನ್ ಬ್ರಷ್‌ಗಳು 40 ಮಿ.ಮೀ. ಉದ್ದಕ್ಕೆ ಸಾಲುವುದಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಚಾಮರಾಜಪೇಟೆಯ ಒಂದು ಆಫ್‌ಸೆಟ್ ಪ್ರೆಸ್‌ನಲ್ಲಿ. ಕಾಗದ ಎತ್ತುವ ವ್ಯಾಕ್ಯೂಮ್ ಪಂಪ್ ಒಳಗೆ ಕಾರ್ಬನ್ ಪಟ್ಟಿಗಳಿರುತ್ತವೆ, ಎಣ್ಣೆಯಿಲ್ಲದೆ ದಿನವಿಡೀ ಗೋಡೆಗೆ ಉಜ್ಜಿಕೊಂಡು ತಿರುಗುವುದೇ ಅವುಗಳ ಕೆಲಸ. ಸವೆದ ಪಟ್ಟಿಗಳನ್ನು ಕಿತ್ತು ಎಸೆಯುತ್ತಾರೆ. ಎಸೆಯುವ ಬದಲು ನನಗೆ ಕೊಟ್ಟರು, ಒಂದು ಕಾಫಿಗೆ ವ್ಯವಹಾರ ಮುಗಿಯಿತು.

ಕೊಯ್ಯುವುದು ಹೆಕ್ಸಾ ಬ್ಲೇಡ್‌ನಲ್ಲಿ, ನಿಧಾನಕ್ಕೆ. ಗಾಜಿನ ಮೇಲೆ ಎಮರಿ ಹಾಳೆ ಹಾಸಿ 3 ಮಿ.ಮೀ.ಗೆ ಉಜ್ಜಿ ಇಳಿಸಬೇಕು. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಆ ಕಪ್ಪು ಪುಡಿ ಎಲ್ಲೆಲ್ಲೋ ಹೋಗುತ್ತದೆ. ತುದಿಯ ಗುಂಡಗಿನ ಬಗ್ಗೆ ಕಂಜೂಸ್ ಆಗಬೇಡಿ. ಸೀಲ್ ಗೋಡೆಗೆ ನೇರ ನಿಲ್ಲುವುದೇ ಕೆಲವು ಜಾಗದಲ್ಲಿ ಮಾತ್ರ, ಉಳಿದ ಕಡೆ ಸುಮಾರು 25 ಡಿಗ್ರಿ ತನಕ ಆಚೀಚೆ ವಾಲುತ್ತದೆ. ತುದಿ ಚಪ್ಪಟೆ ಬಿಟ್ಟರೆ ಅಂಚು ಒಡೆಯುವುದು ಖಂಡಿತ. ಆನೊಡೈಸ್ ಆದ ಗೋಡೆಯನ್ನು 2000 ನಂಬರಿನ ಎಮರಿ ಹಾಳೆಯಲ್ಲಿ ಒದ್ದೆ ಮಾಡಿ ಉಜ್ಜಿದೆ. ಸ್ಪ್ರಿಂಗ್ ಆದಷ್ಟು ಮೆತ್ತಗಿನದು ಹಾಕಿದೆ. ಅದರ ಕೆಲಸ ಹೊರಡುವಾಗ ಸೀಲ್ ಅನ್ನು ಗೋಡೆಗೆ ಮುಟ್ಟಿಸುವುದಷ್ಟೇ. ಆಮೇಲೆ ಗಾಳಿಯೇ ಸೀಲ್ ಹಿಂದೆ ನುಗ್ಗಿ ಒತ್ತಿ ಹಿಡಿಯುತ್ತದೆ. ಅದಕ್ಕೆ ಸೀಲ್ ಕೂರುವ ತೋಡಿನಲ್ಲಿ ಅದರ ಪಕ್ಕ ಕೂದಲೆಳೆಯಷ್ಟು ಸಂದು ಬಿಡಲೇಬೇಕು. ಮೂಲೆಗಳಲ್ಲಿ ಇನ್ನೂ ಸ್ವಲ್ಪ ಸೋರುತ್ತದೆ. ಮಜ್ದಾ ಅಲ್ಲಿ ಅಂಗಿಯ ಗುಂಡಿಯಂಥ ಕಾರ್ನರ್ ಸೀಲ್ ಕೂರಿಸುತ್ತದೆ, ಅರ್ಧ ಅಳತೆಯಲ್ಲಿ ಅದನ್ನು ಮಾಡುವ ಕಣ್ಣು ನನಗಿಲ್ಲ.

ಈ ಮೂರು ಪಟ್ಟಿಗಳ ಜೊತೆ ಗುದ್ದಾಡಿದ ಮೇಲೆ ಮಜ್ದಾದ ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ರೋಟರಿ ಅಂದರೆ ಬೇಗ ಕೆಡುವ ಇಂಜಿನ್ ಎಂಬ ಮಾತಿಗೆ ದೊಡ್ಡ ಪಾಲು ಎನ್‌ಎಸ್‌ಯು ಕೊಟ್ಟದ್ದು. ಅವರ ಆರ್‌ಒ 80 ರೋಟರಿ ಕಾರು ಕೂಡ 1967ರಲ್ಲೇ ಬಂತು, 1968ರ ಯುರೋಪಿನ ವರ್ಷದ ಕಾರು ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಸೀಲ್ ಸವೆದು ಇಂಜಿನ್ ಮೇಲೆ ಇಂಜಿನ್ ಬದಲಿಸಿ ಕೊಟ್ಟು ಕಂಪನಿ ಸೊರಗಿತು, 1969ರಲ್ಲಿ ಫೋಕ್ಸ್‌ವ್ಯಾಗನ್ ಕೈ ಸೇರಿತು. ಜನರಲ್ ಮೋಟರ್ಸ್ 5 ಕೋಟಿ ಡಾಲರಿಗೆ ಹಕ್ಕು ಕೊಂಡು ಆಮೇಲೆ ಕೈಬಿಟ್ಟಿತು. ಸಿಟ್ರೊಯೆನ್ ತಾನು ಮಾರಿದ ರೋಟರಿ ಕಾರುಗಳನ್ನೇ ವಾಪಸ್ ಕೊಂಡು ನಾಶ ಮಾಡಲು ಹೊರಟಿತು. ಮಜ್ದಾ ಮಾಡಿದ್ದು ಬೇರೆ. 1968ರಲ್ಲಿ ನ್ಯೂರ್‌ಬರ್ಗ್‌ರಿಂಗ್‌ನ 84 ಗಂಟೆಯ ಓಟಕ್ಕೆ ಎರಡು ಕಾಸ್ಮೊ ಇಳಿಸಿತು. ಒಂದು ನಾಲ್ಕನೇ ಸ್ಥಾನ ಪಡೆಯಿತು. ಇನ್ನೊಂದು ಕೊನೆಯ ಗಂಟೆಗಳಲ್ಲಿ ನಿಂತಿತು, ಅದೂ ಆಕ್ಸಲ್ ಕೈಕೊಟ್ಟು.

ಮಜ್ದಾದ ಹೆಸರಿಗೆ ನಿಜವಾಗಿ ಪೆಟ್ಟು ಬಿದ್ದದ್ದು ಪೆಟ್ರೋಲ್ ಬಂಕಿನಲ್ಲಿ. 1973ರ ತೈಲ ಬಿಕ್ಕಟ್ಟು ಬಂದಾಗ ಅಮೆರಿಕದಲ್ಲಿ ರೋಟರಿ ಕಾರು ಕೇಳುವವರಿಲ್ಲ. ಉರಿಯುವ ಜಾಗ ಉದ್ದಕ್ಕೆ, ತೆಳ್ಳಗೆ ಇರುವುದರಿಂದ ಶಾಖ ಗೋಡೆಗೆ ಜಾಸ್ತಿ ಹೋಗಿ ಪೆಟ್ರೋಲ್ ಖರ್ಚು ಏರುತ್ತದೆ. ಅದು ಆಕಾರದಲ್ಲೇ ಇರುವ ದೋಷ, ಯಾವ ಸೀಲ್ ಹಾಕಿದರೂ ಹೋಗದು. ಸುಮಿಟೊಮೊ ಬ್ಯಾಂಕ್ ಕೈಹಿಡಿಯಿತು, ಫ್ಯಾಕ್ಟರಿ ನೌಕರರನ್ನು ಕಾರು ಮಾರಲು ಡೀಲರ್‌ಗಳಲ್ಲಿಗೆ ಕಳಿಸಿದರು, 1979ರಲ್ಲಿ ಫೋರ್ಡ್ ಪಾಲು ಕೊಂಡಿತು. ಅಷ್ಟೆಲ್ಲದರ ನಡುವೆಯೇ 1978ರಲ್ಲಿ ಹೊಸ ರೋಟರಿ ಕಾರು ಆರ್‌ಎಕ್ಸ್-7 ಬಿಟ್ಟರು. ಹಟ ಅಂದರೆ ಇದು.

1991ರ ಲೆ ಮಾನ್, ಅಂದರೆ ಫ್ರಾನ್ಸಿನ 24 ಗಂಟೆ ಓಟದ ಬಗ್ಗೆ ಒಂದು ಪುಕಾರು ಎಲ್ಲ ಕಡೆ ಓಡಾಡುತ್ತದೆ, ರೋಟರಿ ಗೆದ್ದಿತು ಅಂತ ಹೊಟ್ಟೆಕಿಚ್ಚಿಗೆ ನಿಷೇಧಿಸಿದರು ಎಂದು. ಹಾಗೇನಿಲ್ಲ. 3.5 ಲೀಟರ್ ಪಿಸ್ಟನ್ ಇಂಜಿನ್‌ಗಳ ನಿಯಮ ಮೊದಲೇ ತೀರ್ಮಾನವಾಗಿತ್ತು. ಆ ವರ್ಷ ಗೆದ್ದ ಮಜ್ದಾದ 787ಬಿ ಕಾರಿಗೆ ಸಿಕ್ಕ ಲಾಭವನ್ನೂ ಹೇಳಬೇಕಲ್ಲ: ಮರ್ಸಿಡಿಸ್, ಜಾಗ್ವಾರ್‌ಗಳು 1000 ಕೆ.ಜಿ. ಹೊತ್ತು ಓಡಿದಾಗ ಮಜ್ದಾಗೆ 830 ಕೆ.ಜಿ. ಸಾಕಿತ್ತು. ಆದರೂ 24 ಗಂಟೆ, 362 ಸುತ್ತು, ಸುಮಾರು 700 ಅಶ್ವಶಕ್ತಿಯ ನಾಲ್ಕು ರೋಟರ್! ಒಂದೊಂದು ರೋಟರ್ ಅದೇ 654 ಸಿಸಿ, ತುದಿಯಲ್ಲಿ ಸೆರಾಮಿಕ್ ಸೀಲ್. ಚಾಲಕ ಜಾನಿ ಹರ್ಬರ್ಟ್ ಇಳಿದವರೇ ಸುಸ್ತಾಗಿ ಬಿದ್ದರು, ಪೋಡಿಯಂಗೂ ಹೋಗಲಾಗಲಿಲ್ಲ. ಇಂಜಿನ್ ಮಾತ್ರ ಬಿಚ್ಚಿ ನೋಡಿದಾಗ ಒಳ್ಳೆಯ ಸ್ಥಿತಿಯಲ್ಲೇ ಇತ್ತು. ಜಪಾನಿನ ಇನ್ನೊಂದು ಕಂಪನಿ ಅಲ್ಲಿ ಗೆಲ್ಲಲು 2018ರ ತನಕ ಕಾಯಬೇಕಾಯಿತು, ಟೊಯೊಟಾ.

ನಮ್ಮಲ್ಲಿ ಈ ಕತೆ ಯಾರಿಗಾದರೂ ಹೇಳಿದರೆ "ಮಜ್ದಾ ಅಂದ್ರೆ ಸ್ಕೂಲ್ ವ್ಯಾನ್ ಅಲ್ವಾ?" ಅನ್ನುತ್ತಾರೆ. ಅವರ ತಪ್ಪಿಲ್ಲ. ಭಾರತದಲ್ಲಿ ಆ ಹೆಸರು ಓಡಾಡಿದ್ದು ಪಂಜಾಬಿನಲ್ಲಿ ತಯಾರಾದ ಸ್ವರಾಜ್ ಮಜ್ದಾ ಲಾರಿ, ಮಿನಿ ಬಸ್‌ಗಳ ಮೇಲೆ. ಆರ್‌ಎಕ್ಸ್-7 ಎಲ್ಲಿ, ಹಳದಿ ಸ್ಕೂಲ್ ಬಸ್ ಎಲ್ಲಿ!

ಹೊಸ ತೊಂದರೆ ಅಂದರೆ ಅಲುಗಾಟ. ಒಂದೇ ರೋಟರ್ ಇರುವುದರಿಂದ ನಿಧಾನ ವೇಗದಲ್ಲಿ ಟೇಬಲ್ಲೇ ನಡೆಯುತ್ತದೆ. ಸದ್ಯಕ್ಕೆ ಸ್ಟ್ಯಾಂಡ್ ಕೆಳಗೆ ಕಾರ್ಕ್ ಹಾಳೆ. ಇದೂ ಸರಿಯಾಗಿಯೇ ಇದೆ, 1920ರಲ್ಲಿ ಹಿರೋಷಿಮಾದಲ್ಲಿ ಈ ಕಂಪನಿ ಶುರುವಾದದ್ದೇ ಕಾರ್ಕ್ ಮಾಡಲು, ಟೋಯೊ ಕಾರ್ಕ್ ಕೋಗ್ಯೊ ಎಂಬ ಹೆಸರಲ್ಲಿ. ಅಲ್ಲಿಂದ 1931ರಲ್ಲಿ ಮಜ್ದಾ-ಗೊ ಎಂಬ ಮೂರು ಚಕ್ರದ ಲಾರಿಗೆ ಬಂದರು. ಮುಂದೆ ಮೋಟರ್‌ಸೈಕಲ್ ಹ್ಯಾಂಡಲ್, ಹಿಂದೆ ಸಾಮಾನಿನ ತೊಟ್ಟಿ. 1945ರ ಆಗಸ್ಟ್ 6ರ ಬಾಂಬಿನಿಂದ ಫ್ಯಾಕ್ಟರಿ ಉಳಿದದ್ದು ನಡುವೆ ಹಿಜಿಯಾಮಾ ಗುಡ್ಡ ಇದ್ದದ್ದಕ್ಕೆ. ಪ್ರಾಂತ್ಯದ ಸರ್ಕಾರಿ ಕಚೇರಿ ಕೂಡ ಕೆಲಕಾಲ ಅದೇ ಕಟ್ಟಡದಲ್ಲಿ ನಡೆಯಿತು. ಅದೇ ಡಿಸೆಂಬರ್‌ನಲ್ಲಿ ಲಾರಿ ತಯಾರಿಕೆ ಮತ್ತೆ ಶುರು. ಆ ಲಾರಿಯನ್ನು ಹಲಸಿನ ಮರದಲ್ಲಿ ಮಾಡುವ ಆಸೆ ಬಹಳ ಇದೆ. ತೊಟ್ಟಿಗೆ ಬೇಕಾದ ಹಲಗೆ ಆಗಲೇ ಅಟ್ಟದಲ್ಲಿದೆ. ಹೆಡ್‌ಲೈಟ್‌ಗೆ ಹಳೇ ಟಾರ್ಚ್‌ನ ರಿಫ್ಲೆಕ್ಟರ್ ಸರಿಹೋಗಬಹುದು.

ಆದರೆ ಮೊದಲು ಎರಡನೇ ರೋಟರ್. ಕಾಸ್ಮೊದ 10ಎ ಇಂಜಿನ್ 491 ಸಿಸಿಯ ಎರಡು ರೋಟರ್‌ಗಳದ್ದು, ಅಲುಗಾಟಕ್ಕೆ ಮಜ್ದಾ ಕಂಡುಕೊಂಡ ಮದ್ದೂ ಅದೇ: ಒಂದರ ತಳ್ಳು ಇಳಿಯುವ ಹೊತ್ತಿಗೆ ಇನ್ನೊಂದು ತಳ್ಳಬೇಕು. ಹೊಸ ಶಾಫ್ಟ್ ಡ್ರಾಯಿಂಗ್ ಮುಗಿದಿದೆ. ಪೀಣ್ಯದ ಹುಡುಗನಿಗೆ ಸೊಂಟದ ಮೇಲೆ ಕೆಂಪು ಶಾಯಿಯಲ್ಲಿ "ನೇರ ಮಾಡಬೇಡ" ಎಂದು ಬರೆದು ಕೊಟ್ಟಿದ್ದೇನೆ. ಇನ್ನೂ ಮೂರು ಸೀಲ್‌ಗೆ ಕಾರ್ಬನ್ ಬೇಕು. ಪ್ರೆಸ್‌ನವರು ಪಂಪ್ ಮತ್ತೆ ಬಿಚ್ಚುವುದು ಹೊಸ ವರ್ಷದ ಕ್ಯಾಲೆಂಡರ್ ಕೆಲಸ ಮುಗಿದ ಮೇಲಂತೆ.