ಹತ್ತು ಸಾವಿರದ ಒಂದನೆಯ ತುಂಡು

ಬೆಂಗಳೂರಿನ ಒಂದು ಸಣ್ಣ ವಿಡಿಯೊ ಸಂಕಲನ ಸಂಸ್ಥೆಯಲ್ಲಿ ನಾನು ಸರ್ವರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಚಿತ್ರೀಕರಣದ ಮೂಲ ಕಡತಗಳನ್ನು ಪ್ರತಿ ರಾತ್ರಿ ಅಮೆರಿಕದ ಗ್ರಾಹಕರ ಎಸ್3 ಬಕೆಟ್‌ಗೆ (ಅಮೆಜಾನ್‌ನ ಕ್ಲೌಡ್ ಸಂಗ್ರಹದಲ್ಲಿ ಅವರು ಪಡೆದಿರುವ ಜಾಗ) ಅಪ್‌ಲೋಡ್ ಮಾಡುವುದು ನನ್ನ ಹೊಣೆಗಳಲ್ಲೊಂದು. ಬಕೆಟ್ ಇರುವುದು ವರ್ಜೀನಿಯಾದಲ್ಲಿ. ನಮ್ಮ ಕಚೇರಿಯಲ್ಲಿರುವುದು 500 ಎಂಬಿಪಿಎಸ್ (ಸೆಕೆಂಡಿಗೆ 500 ಮೆಗಾಬಿಟ್) ಲೀಸ್ಡ್ ಲೈನ್, ಅಂದರೆ ನಮಗಾಗಿಯೇ ಮೀಸಲಾದ ಇಂಟರ್ನೆಟ್ ಸಂಪರ್ಕ. ಕಡತವನ್ನು 8 ಎಂಬಿಯ ತುಂಡುಗಳಾಗಿ ಕತ್ತರಿಸಿ ಒಂದಾದ ಮೇಲೊಂದರಂತೆ ಕಳಿಸುವ ಪೈಥಾನ್ ಸ್ಕ್ರಿಪ್ಟ್ ಒಂದನ್ನು ನಾನೇ ಬರೆದಿದ್ದೆ. 40–50 ಜಿಬಿಯ ಕಡತಗಳು ಬೆಳಗಾಗುವುದರೊಳಗೆ ತಲುಪುತ್ತಿದ್ದುದರಿಂದ ಅದರ ವೇಗದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಚಿತ್ರೀಕರಣದವರು 4ಕೆ ಬಿಟ್ಟು 8ಕೆಗೆ ಹೋದ ವಾರ ಮೊದಲ ಬಾರಿಗೆ 120 ಜಿಬಿಯ ಕಡತ ಬಂತು. ರಾತ್ರಿ 10 ಗಂಟೆಗೆ ಅಪ್‌ಲೋಡ್ ಆರಂಭಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ಲಾಗ್ ತೆರೆದರೆ, ನಸುಕಿನ 4 ಗಂಟೆ ಕಳೆದ ಮೇಲೆ ಸ್ಕ್ರಿಪ್ಟ್ ಸತ್ತಿತ್ತು. ತುಂಡಿನ ಸಂಖ್ಯೆ 1ರಿಂದ 10,000ದ ಒಳಗಿರಬೇಕು ಎಂಬ ಒಂದೇ ಸಾಲಿನ ದೋಷಸಂದೇಶ ಅಲ್ಲಿತ್ತು. ಹೀಗೆ ತುಂಡು ತುಂಡಾಗಿ ಕಳಿಸುವ ಮಲ್ಟಿಪಾರ್ಟ್ ಅಪ್‌ಲೋಡ್‌ನಲ್ಲಿ ಒಂದು ಕಡತಕ್ಕೆ 10,000 ತುಂಡುಗಳಿಗಿಂತ ಹೆಚ್ಚು ಇರುವಂತಿಲ್ಲ. 8 ಎಂಬಿಯಂತೆ ಲೆಕ್ಕ ಹಾಕಿದರೆ ಸುಮಾರು 80 ಜಿಬಿಗೆ ಮಿತಿ ಮುಗಿಯುತ್ತದೆ. ಅಮೆಜಾನ್‌ನದೇ ಉಪಕರಣವಾದ ಎಡಬ್ಲ್ಯೂಎಸ್ ಸಿಎಲ್‌ಐ ಬಳಸಿದ್ದರೆ ಅದು ಕಡತದ ಗಾತ್ರ ನೋಡಿಕೊಂಡು ತುಂಡನ್ನು ತಾನೇ ಹಿಗ್ಗಿಸುತ್ತಿತ್ತು. ನನ್ನ ಸ್ಕ್ರಿಪ್ಟ್‌ಗೆ ಆ ಜಾಣತನವನ್ನು ನಾನು ಕಲಿಸಿರಲಿಲ್ಲ. ಆರು ಗಂಟೆಗಳ ಅಪ್‌ಲೋಡ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ತುಂಡನ್ನು 64 ಎಂಬಿಗೆ ಏರಿಸಿದರೆ ಆ ದೋಷವೇನೋ ಹೋಗುತ್ತಿತ್ತು. ಆದರೆ ಲಾಗ್ ನೋಡುತ್ತಿದ್ದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: 500 ಎಂಬಿಪಿಎಸ್ ಲೈನಿನಲ್ಲಿ ನಾವು ಬಳಸುತ್ತಿದ್ದುದು ಸರಾಸರಿ 30 ಮಾತ್ರ. ಲೈನನ್ನು 1 ಜಿಬಿಪಿಎಸ್‌ಗೆ ಏರಿಸೋಣವೆಂದು ನಮ್ಮ ಮ್ಯಾನೇಜರ್ ಕೊಟೇಶನ್ ತರಿಸಲು ಹೊರಟಿದ್ದರು. "ಸರ್, ಎರಡು ದಿನ ಸಮಯ ಕೊಡಿ" ಎಂದು ಕೇಳಿಕೊಂಡು, ಅದೇ ಲೈನ್, ಅದೇ ಸ್ಕ್ರಿಪ್ಟ್, ಅದೇ ಕಡತವನ್ನು ಇಟ್ಟುಕೊಂಡು ಅಮೆಜಾನ್‌ನ ಮುಂಬೈ ರೀಜನ್‌ನಲ್ಲಿ (ಅಲ್ಲಿನ ಡೇಟಾ ಕೇಂದ್ರಗಳಲ್ಲಿ) ಒಂದು ತಾತ್ಕಾಲಿಕ ಬಕೆಟ್ ಮಾಡಿ ಕಳಿಸಿ ನೋಡಿದೆ. ವೇಗ 400ರ ಆಸುಪಾಸಿಗೆ ಏರಿತು. ಲೈನಿನಲ್ಲಿ ದೋಷವಿರಲಿಲ್ಲ, ದೂರವೇ ಕಾರಣವಾಗಿತ್ತು.

ಇದರ ಲೆಕ್ಕ ಸರಳವಾಗಿದೆ. ಕಳಿಸಿದ ದತ್ತಾಂಶ ತಲುಪಿತೆಂಬ ಉತ್ತರ ಬರುವವರೆಗೆ ಟಿಸಿಪಿ (ಇಂಟರ್ನೆಟ್‌ನಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿ) ಒಂದು ಮಿತಿಯಷ್ಟನ್ನು ಮಾತ್ರ ದಾರಿಯಲ್ಲಿ ಬಿಟ್ಟಿರುತ್ತದೆ. ಮುಂಬೈಗೆ ಹೋಗಿ ಬರಲು ನಮ್ಮಲ್ಲಿಂದ 25 ಮಿಲಿಸೆಕೆಂಡು, ವರ್ಜೀನಿಯಾಕ್ಕೆ 220 ಮಿಲಿಸೆಕೆಂಡು. ವರ್ಜೀನಿಯಾದವರೆಗಿನ ದಾರಿಯಲ್ಲಿ 500 ಎಂಬಿಪಿಎಸ್ ತುಂಬಬೇಕಾದರೆ ಯಾವ ಕ್ಷಣದಲ್ಲೂ ಸುಮಾರು 14 ಎಂಬಿ ದಾರಿಯಲ್ಲಿರಬೇಕು. ಲಿನಕ್ಸ್‌ನಲ್ಲಿ ಒಂದು ಸಂಪರ್ಕದ ಕಳಿಸುವ ಬಫರ್ (ದಾರಿಯಲ್ಲಿರುವ ದತ್ತಾಂಶವನ್ನು ಉತ್ತರ ಬರುವವರೆಗೆ ಹಿಡಿದಿಡುವ ಮೆಮೊರಿ) ಸಾಮಾನ್ಯವಾಗಿ 4 ಎಂಬಿಗಿಂತ ಹೆಚ್ಚು ಬೆಳೆಯುವುದಿಲ್ಲ. ನಡುವೆ ಒಂದೆರಡು ಪ್ಯಾಕೆಟ್ ಕಳೆದುಹೋದರಂತೂ ಟಿಸಿಪಿ ತಾನೇ ಕೈ ಬಿಗಿಹಿಡಿಯುತ್ತದೆ, ಮತ್ತು ದೂರ ಹೆಚ್ಚಿದಷ್ಟೂ ಅದು ಚೇತರಿಸಿಕೊಳ್ಳುವುದು ನಿಧಾನ. ಸಾಲದ್ದಕ್ಕೆ ನನ್ನ ಸ್ಕ್ರಿಪ್ಟ್ ಪ್ರತಿ ತುಂಡಿನ ಕೊನೆಗೆ ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಿತ್ತು. ಬಕೆಟನ್ನೇ ಮುಂಬೈಗೆ ತರುವ ಮಾತು ಬಂದರೂ, ಅದನ್ನು ಬಳಸುವವರು ಅಮೆರಿಕದವರಾದ್ದರಿಂದ ಅದು ಕೂಡಲಿಲ್ಲ. ಹಾಗಾಗಿ ಉಳಿದದ್ದು ಒಂದೇ ದಾರಿ: ಹಲವು ಸಂಪರ್ಕಗಳನ್ನು ತೆರೆದು ತುಂಡುಗಳನ್ನು ಏಕಕಾಲಕ್ಕೆ ಕಳಿಸುವುದು.

ತುಂಡನ್ನು 64 ಎಂಬಿಗೆ ಏರಿಸಿ ಕಳಿಸಿದಾಗ 16 ಸಂಪರ್ಕಗಳಿಗೆ ವೇಗ 340 ಎಂಬಿಪಿಎಸ್ ಮುಟ್ಟಿತು. ಹುಮ್ಮಸ್ಸಿನಲ್ಲಿ ಸಂಪರ್ಕಗಳನ್ನೂ 64ಕ್ಕೆ ಏರಿಸಿದೆ, ವೇಗ ಇಳಿಯಿತು. ತುಂಡುಗಳನ್ನು ನಾನು ಮೆಮೊರಿಗೆ ಓದಿಕೊಂಡು ಕಳಿಸುತ್ತಿದ್ದೆನಾದ್ದರಿಂದ 64 ತುಂಡುಗಳಿಗೆ 64 ಎಂಬಿಯಂತೆ 4 ಜಿಬಿ ಅಲ್ಲೇ ಖರ್ಚಾಗಿ, 8 ಜಿಬಿಯ ಆ ಹಳೆಯ ಯಂತ್ರ ಸ್ವಾಪ್‌ಗೆ ಇಳಿದಿತ್ತು, ಅಂದರೆ ಮೆಮೊರಿ ಸಾಲದೆ ನಿಧಾನದ ಡಿಸ್ಕನ್ನು ಮೆಮೊರಿಯಂತೆ ಬಳಸುತ್ತಿತ್ತು. ಮತ್ತೆ 16ಕ್ಕೆ ಬಂದು, 340ರಲ್ಲೇ ಏಕೆ ನಿಂತಿತೆಂದು ಡಿಸ್ಕ್‌ನ ಕೆಲಸ ಅಳೆಯುವ ಐಒಸ್ಟ್ಯಾಟ್ ಹಾಕಿ ನೋಡಿದಾಗ ಹಾರ್ಡ್ ಡಿಸ್ಕ್ 100 ಪ್ರತಿಶತ ಕಾರ್ಯನಿರತವಾಗಿತ್ತು. ಒಂದೇ ಕಡತವನ್ನು ಹದಿನಾರು ಕಡೆಯಿಂದ ಒಟ್ಟಿಗೆ ಓದುವಾಗ ತಿರುಗುವ ಡಿಸ್ಕ್‌ನ ಹೆಡ್ ಓದುವುದಕ್ಕಿಂತ ಹೆಚ್ಚು ಓಡಾಡುತ್ತಿತ್ತು. ಕಡತವನ್ನು ಮೊದಲು ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ನಕಲಿಸಿ ಅಲ್ಲಿಂದ ಕಳಿಸಿದಾಗ 450 ಎಂಬಿಪಿಎಸ್ ಸಿಕ್ಕಿತು. ಮೊದಲಿನ ವೇಗದಲ್ಲಿ ಹೆಚ್ಚೂಕಡಿಮೆ ಒಂಬತ್ತು ಗಂಟೆ ಬೇಕಿದ್ದ 120 ಜಿಬಿ 36 ನಿಮಿಷಗಳಲ್ಲಿ ತಲುಪಿತು. ಮರುದಿನ ಹಗಲಿನಲ್ಲಿ ಓಡಿಸಿದ್ದಕ್ಕೆ ಲೆಕ್ಕಪತ್ರ ವಿಭಾಗದವರ ವಿಡಿಯೊ ಕರೆ ಕಡಿದುಹೋಗಿ, ಅವರಿಂದ ಬೈಸಿಕೊಂಡೆ. ಈಗ ಹಗಲಿಗೆ 200 ಎಂಬಿಪಿಎಸ್ ಮಿತಿ ಇಟ್ಟಿದ್ದೇನೆ.

ಹತ್ತಿರದ ಎಡ್ಜ್ ಕೇಂದ್ರಕ್ಕೆ ದತ್ತಾಂಶ ಮುಟ್ಟಿಸಿ ಅಲ್ಲಿಂದ ಅಮೆಜಾನ್‌ನ ಸ್ವಂತ ಜಾಲದಲ್ಲಿ ಸಾಗಿಸುವ ಟ್ರಾನ್ಸ್‌ಫರ್ ಆಕ್ಸಿಲರೇಶನ್ ಸೌಲಭ್ಯವನ್ನೂ ಪರೀಕ್ಷಿಸಿದೆ. ಲೈನು ಆಗಲೇ ತುಂಬಿದ್ದರಿಂದ ನಮಗೆ ಸಿಕ್ಕ ಲಾಭ ಅತ್ಯಲ್ಪ. ಪ್ರತಿ ಜಿಬಿಗೆ ಬೀಳುವ ಹೆಚ್ಚುವರಿ ಶುಲ್ಕ ನೋಡಿದರೆ ಮೂಗಿಗಿಂತ ಮೂಗುತಿ ಭಾರ. ಕಡತವನ್ನು ಜಿಜಿಪ್‌ನಿಂದ ಕುಗ್ಗಿಸಿ ಕಳಿಸುವ ಸಲಹೆಯನ್ನು ಪರಿಗಣಿಸಲೇ ಇಲ್ಲ, ಏಕೆಂದರೆ ನಮ್ಮ ವಿಡಿಯೊಗಳು ಕ್ಯಾಮೆರಾದಲ್ಲೇ ಸಂಕುಚಿತಗೊಂಡು ಬಂದಿರುತ್ತವೆ.

ವೇಗದ ಕಥೆ ಮುಗಿದ ಮೇಲೆ ಗ್ರಾಹಕರಿಂದ ಎರಡು ಪತ್ರಗಳು ಬಂದವು. ಕಳಿಸಿದ ಕಡತದ ಈಟ್ಯಾಗ್ (ಎಸ್3 ಪ್ರತಿ ಕಡತಕ್ಕೆ ಕೊಡುವ ಗುರುತು) ನಾವು ಕೊಟ್ಟ ಎಂಡಿ5ಗೆ (ಕಡತದ ಒಳಗಿನಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಕೇತ) ಹೊಂದುತ್ತಿಲ್ಲ, ಕಡತ ಕೆಟ್ಟಿದೆಯೇ ಎಂಬುದು ಮೊದಲನೆಯದು. ಕಡತ ಕೆಟ್ಟಿರಲಿಲ್ಲ. ಮಲ್ಟಿಪಾರ್ಟ್‌ನಲ್ಲಿ ಹೋದ ಕಡತದ ಈಟ್ಯಾಗ್ ಎಂದರೆ ಇಡೀ ಕಡತದ ಎಂಡಿ5 ಅಲ್ಲ. ತುಂಡುಗಳ ಎಂಡಿ5ಗಳನ್ನು ಜೋಡಿಸಿ ತೆಗೆದ ಎಂಡಿ5, ಅದರ ತುದಿಗೆ ಒಂದು ಅಡ್ಡಗೆರೆ ಮತ್ತು ತುಂಡುಗಳ ಸಂಖ್ಯೆ. ಅವರು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಈಟ್ಯಾಗ್‌ನ ಕೊನೆಗೆ 1789 ಎಂದಿತ್ತು, ನನ್ನ ಲಾಗ್‌ನಲ್ಲಿಯೂ ತುಂಡುಗಳು ಅಷ್ಟೇ ಇದ್ದವು. ಈಗ ಪ್ರತಿ ಕಡತದ ಜೊತೆಗೆ ಅದರ ಎಸ್‌ಎಚ್‌ಎ-256 (ಎಂಡಿ5ರಂಥದ್ದೇ ಇನ್ನೊಂದು ಬೆರಳಚ್ಚು) ಬರೆದ ಸಣ್ಣ ಪಠ್ಯ ಕಡತವನ್ನೂ ಕಳಿಸುತ್ತೇನೆ.

ಎರಡನೆಯ ಪತ್ರ ಹೆಚ್ಚು ಮುಜುಗರದ್ದು. ಬಕೆಟ್‌ನಲ್ಲಿ ಕಾಣುವ ಕಡತಗಳ ಮೊತ್ತಕ್ಕಿಂತ ಬಿಲ್ಲಿನಲ್ಲಿ ಸಂಗ್ರಹ ಹೆಚ್ಚಾಗಿದೆ ಎಂದು ಅವರ ಲೆಕ್ಕದವರು ಕೇಳಿದ್ದರು. ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ ಅಪ್‌ಲೋಡ್‌ನ ತುಂಡುಗಳು ಕಡತಗಳ ಪಟ್ಟಿಯಲ್ಲಿ ಕಾಣಿಸುವುದಿಲ್ಲ, ಆದರೆ ಅಳಿಸುವವರೆಗೆ ಬಾಡಿಗೆ ಬೀಳುತ್ತಲೇ ಇರುತ್ತದೆ. ಅಪೂರ್ಣ ಅಪ್‌ಲೋಡ್‌ಗಳ ಪಟ್ಟಿ ತೆಗೆದು ನೋಡಿದರೆ, ಆ ರಾತ್ರಿಯ 10,000 ತುಂಡುಗಳ ಜೊತೆಗೆ ಪರೀಕ್ಷೆಯ ವೇಳೆ ನಾನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದ ಹನ್ನೊಂದು ಯತ್ನಗಳೂ ಅಲ್ಲಿ ಬಿದ್ದಿದ್ದವು. ಎಲ್ಲವನ್ನೂ ರದ್ದು ಮಾಡಿ, ಏಳು ದಿನ ಮೀರಿದ ಅಪೂರ್ಣ ಅಪ್‌ಲೋಡ್‌ಗಳು ತಾವಾಗಿ ಅಳಿಯುವಂತೆ ಬಕೆಟ್‌ಗೆ ಲೈಫ್‌ಸೈಕಲ್ ನಿಯಮ ಹಾಕಬೇಕೆಂದು ಕೋರಿ, ತಪ್ಪು ನನ್ನದೆಂದು ಒಪ್ಪಿಕೊಂಡು ಉತ್ತರ ಬರೆದೆ. ನಿಯಮವನ್ನು ಅವರು ಅದೇ ದಿನ ಹಾಕಿದರು. ಆ ಬಾಡಿಗೆಯನ್ನು ಮುಂದಿನ ತಿಂಗಳ ನಮ್ಮ ಇನ್ವಾಯ್ಸ್‌ನಲ್ಲಿ ಕಡಿತ ಮಾಡಿಕೊಂಡರು.