ಹಂಪಿಯ ಬಂಡೆಗಳನ್ನು ಯಾರೂ ಪೇರಿಸಿಲ್ಲ

ಮಾತಂಗ ಬೆಟ್ಟ ಹತ್ತಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇಷ್ಟು ದೊಡ್ಡ ಗುಂಡುಗಳನ್ನು ಒಂದರ ಮೇಲೊಂದು ಇಟ್ಟವರು ಯಾರು? ಭೂಕಂಪ ಆಗಿರಬೇಕು, ಜ್ವಾಲಾಮುಖಿ ಸಿಡಿದಿರಬೇಕು ಅಂತ ಜನ ಮಾತಾಡಿಕೊಳ್ಳುತ್ತಾರೆ. ಎರಡೂ ಅಲ್ಲ. ಆ ಬಂಡೆಗಳು ಇದ್ದಲ್ಲೇ ಗುಂಡಗಾಗಿವೆ.

ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಕಲ್ಲು ನಿಧಾನಕ್ಕೆ ತಣ್ಣಗಾಗಿ ಗ್ರಾನೈಟ್ ಆಯಿತು. ಮೇಲಿದ್ದ ನೆಲ ಸವೆದು ಭಾರ ಇಳಿದಂತೆ ಅದರಲ್ಲಿ ಅಡ್ಡ, ಉದ್ದ ಬಿರುಕು ಬಿಟ್ಟವು. ನೀರು ಒಳಗೆ ಇಳಿಯಿತು. ಕಲ್ಲಿನ ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುತ್ತದೆ, ಅಲ್ವಾ? ಅದಕ್ಕೇ ಮೂಲೆ ಮೊದಲು ಸವೆಯುತ್ತದೆ. ಪುಡಿಯಾದದ್ದನ್ನು ಮಳೆ ತೊಳೆದುಕೊಂಡು ಹೋಯಿತು, ಗಟ್ಟಿ ತಿರುಳು ಉಳಿಯಿತು.

ಹತ್ತಿರದಿಂದ ನೋಡಿ. ಕೆಲವು ಬಂಡೆಗಳ ಮೇಲ್ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿರುತ್ತದೆ. ಬುಡದಲ್ಲಿ ದಪ್ಪ ಮರಳು. ಒಂದು ಚಿಟಿಕೆ ಬೆರಳಲ್ಲಿ ಉಜ್ಜಿದರೆ ಹೊಳೆಯುವ ಕಣ, ನಸುಗೆಂಪು ಕಣ ಎರಡೂ ಸಿಗುತ್ತವೆ. ಬೆಟ್ಟ ಅಂದರೆ ಅದೇ, ಬಿಡಿ ಬಿಡಿಯಾಗಿ. ನನಗಂತೂ ದೇವಸ್ಥಾನದ ಕಂಬಗಳಿಗಿಂತ ಈ ಮರಳಿನ ಹತ್ತಿರವೇ ಜಾಸ್ತಿ ಹೊತ್ತು ಕೂರಬೇಕು ಅನಿಸುತ್ತದೆ.

ಸವೆದ ಮಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಉತ್ತರ ಹೊಸಪೇಟೆಯಲ್ಲೇ ಇದೆ. ಮೇಲಿನ ಸೀಮೆಯ ಮಣ್ಣು ಬಂದು ತುಂಗಭದ್ರಾ ಜಲಾಶಯದಲ್ಲಿ ಕೂತಿದೆ. ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಹೂಳಿನ ಸುದ್ದಿ ಬಂದಾಗಲೆಲ್ಲ ಕಾಲುವೆಯ ಕೊನೆಯ ಹೊಲದವರು ನೆನಪಾಗುತ್ತಾರೆ. ನೀರು ಕಡಿಮೆಯಾದರೆ ಮೊದಲು ಒಣಗುವುದು ಅವರ ಗದ್ದೆ.