ಬಾಂಬೆ ಡಾಕ್, 1944: ನೀರೇ ಬೆಂಕಿಯನ್ನು ಮೇಲೆತ್ತಿದಾಗ

ಪ್ರತಿವರ್ಷ ಏಪ್ರಿಲ್ 14ರಂದು ನಮ್ಮ ಅಗ್ನಿಶಾಮಕ ಠಾಣೆಗಳಲ್ಲಿ ನೆನೆಯುವುದು 1944ರಲ್ಲಿ ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ (ಹಡಗುಕಟ್ಟೆಯಲ್ಲಿ) ಹಡಗೊಂದು ಸಿಡಿದಾಗ ಪ್ರಾಣ ಬಿಟ್ಟ 66 ಸಿಬ್ಬಂದಿಯನ್ನು. ಆ ದುರಂತದ ಮಾತು ಬಂದರೆ ಆಕಾಶದಿಂದ ಬಿದ್ದ ಚಿನ್ನದ ಗಟ್ಟಿಯ ಕಥೆಯೇ ಮೊದಲು ಬರುತ್ತದೆ. ಅರ್ಥ ಮಾಡಿಕೊಳ್ಳಬೇಕಾದದ್ದು ಹತ್ತಿಯನ್ನು.

‘ಫೋರ್ಟ್ ಸ್ಟಿಕೀನ್’ ಹಡಗು ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರು ಬಿಟ್ಟು ಏಪ್ರಿಲ್ 12ಕ್ಕೆ ಬಾಂಬೆಗೆ ಬಂತು. ಒಳಗೆ 1,395 ಟನ್ ಸ್ಫೋಟಕ. ಅದರಲ್ಲಿ 238 ಟನ್ ಬಹುಬೇಗ ಸಿಡಿಯುವ ‘ಎ’ ದರ್ಜೆಯದು. ಕರಾಚಿಯಲ್ಲಿ ಹತ್ತಿ ಬೇಲು (ಒತ್ತಿ ಕಟ್ಟಿದ ಮೂಟೆ), ಎಣ್ಣೆ ಪೀಪಾಯಿಗಳನ್ನೂ ಹೇರಿದ್ದರು. ಎರಡನೇ ಹೋಲ್ಡ್‌ನಲ್ಲಿ, ಅಂದರೆ ಸರಕು ತುಂಬುವ ಒಳಕೋಣೆಯಲ್ಲಿ, ತಳಕ್ಕೆ ಹತ್ತಿ, ಅದರ ಮೇಲಿನ ಅಂತಸ್ತಿನಲ್ಲಿ ಸ್ಫೋಟಕ. ಅಪಾಯದ ಸರಕಿದೆ ಎಂದು ಸಾರುವ ಕೆಂಪು ಬಾವುಟವನ್ನೂ ಹಾರಿಸಿರಲಿಲ್ಲ.

ಏಪ್ರಿಲ್ 14ರ ಮಧ್ಯಾಹ್ನ 2ರ ಸುಮಾರಿಗೆ ಅದೇ ಹೋಲ್ಡ್‌ನಿಂದ ಹೊಗೆ ಎದ್ದಿತು. ಬಿಗಿಯಾಗಿ ಒತ್ತಿ ಕಟ್ಟಿದ ಹತ್ತಿ ಬೇಲು ಜ್ವಾಲೆಯಿಲ್ಲದೆ ಒಳಗೊಳಗೇ ಕನಲುತ್ತದೆ. ಎಳೆಗಳ ನಡುವಿನ ಗಾಳಿಯೇ ಅದಕ್ಕೆ ಸಾಕು. ಮೇಲಿಂದ ಸುರಿದ ನೀರು ಹೊರಮೈಯನ್ನಷ್ಟೇ ನೆನೆಸುತ್ತದೆ. ಬೇಲನ್ನು ಹೊರಗೆಳೆದು ಬಿಚ್ಚಿ ಹರವಿದರೆ ಮಾತ್ರ ಬೆಂಕಿ ಸಾಯುತ್ತದೆ. ಇಲ್ಲಿ ದಟ್ಟ ಹೊಗೆಯಲ್ಲಿ ಬೆಂಕಿ ಎಲ್ಲಿದೆ ಎಂದೇ ತಿಳಿಯಲಿಲ್ಲ. 900 ಟನ್ನಿಗೂ ಹೆಚ್ಚು ನೀರು ಸುರಿದರು. ನೀರು ಏರಿದಂತೆ ಹತ್ತಿ ತೇಲಿತು, ಉರಿಯುತ್ತಲೇ ಸ್ಫೋಟಕದತ್ತ ಏರಿತು. ಹಡಗಿನ ಹೊರತಗಡಿನ ಬಣ್ಣ ಒಂದು ಕಡೆ ಗುಳ್ಳೆ ಎದ್ದು, ಬೆಂಕಿಯ ಜಾಗ ಕೊನೆಗೆ ಗೊತ್ತಾಯಿತು. ಅಲ್ಲಿ ತೂತು ಕೊರೆಯೋಣವೆಂದರೆ ಗ್ಯಾಸ್ ಕಟರ್ ಕೆಲಸ ಮಾಡಲಿಲ್ಲ.

ಹಡಗನ್ನು ಅಲ್ಲೇ ಮುಳುಗಿಸುವುದೋ, ಹೊರಗೆ ಎಳೆಸುವುದೋ? ಅಧಿಕಾರಿಗಳು ಹಲವರು ಬಂದರು, ಹೀಗೇ ಮಾಡಿ ಎಂದು ಕಡ್ಡಿ ಮುರಿದಂತೆ ಯಾರೂ ಹೇಳಲಿಲ್ಲ. ಹತ್ತಿಯಷ್ಟೇ ಈ ಕಾಲಹರಣವೂ ಆ 66 ಜನರನ್ನು ಕೊಂದಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಹಡಗು ಬಿಡಿ ಎಂಬ ಆದೇಶ ಬಂದದ್ದು 3.50ಕ್ಕೆ. 4.06ಕ್ಕೆ ಹಡಗು ಎರಡು ತುಂಡಾಯಿತು. 12 ಕಿ.ಮೀ. ದೂರದ ಕಿಟಕಿಗಾಜು ಒಡೆದವು, ಶಿಮ್ಲಾದ ಭೂಕಂಪಮಾಪಕವೂ ಅದುರನ್ನು ದಾಖಲಿಸಿತು. ಸುಮಾರು ಅರ್ಧ ಗಂಟೆಯ ಮೇಲೆ ಎರಡನೇ ಸ್ಫೋಟ. ಉರಿಯುವ ಹತ್ತಿ ಊರಿನ ಮೇಲೆ ಮಳೆಯಂತೆ ಸುರಿದು ಗುಡಿಸಲುಗಳಿಗೆ ಹತ್ತಿಕೊಂಡಿತು.

ಸತ್ತವರು 800ರಿಂದ 1,300 ಎಂಬ ಅಂದಾಜಿದೆ. 80,000 ಜನ ಮನೆ ಕಳೆದುಕೊಂಡರು. ಬಂಗಾಳದ ಬರದ ಮರುವರ್ಷವೇ 50,000 ಟನ್‌ಗೂ ಹೆಚ್ಚು ಧಾನ್ಯ ಹಾಳಾಯಿತು. ಬೆಂಕಿ ಹತೋಟಿಗೆ ಬರಲು ಮೂರು ದಿನ ಬೇಕಾಯಿತು. ಯುದ್ಧಕಾಲದ ಸೆನ್ಸಾರ್‌ನಿಂದಾಗಿ ಇಲ್ಲಿನ ಪತ್ರಿಕೆಗಳಲ್ಲಿ ವಿವರವಾದ ಸುದ್ದಿ ಬಂದದ್ದು ಮೇ ತಿಂಗಳಲ್ಲಿ.

ಆಮೇಲೆ 8,000 ಜನ ಏಳು ತಿಂಗಳು ದುಡಿದು ಸುಮಾರು 5 ಲಕ್ಷ ಟನ್ ಅವಶೇಷ ತೆಗೆದರು. ಹಡಗಿನಲ್ಲಿದ್ದ ಚಿನ್ನ 31 ಪೆಟ್ಟಿಗೆ, ಗಟ್ಟಿಯೊಂದು 12.7 ಕಿಲೋ. ಡಾಕ್‌ನ ಹೂಳೆತ್ತುವಾಗ 1970ರ ದಶಕದಲ್ಲೂ ಕೆಲವು ಗಟ್ಟಿಗಳು ಸಿಕ್ಕವು.